ದಿನಾ ಅಷ್ಟೇ ಏಳುತ್ತಿದ್ದ ಗೋಡೆ

ಕಲ್ಲು ಕಟ್ಟುವವರ ಕೆಲಸ ಯಾಕೆ ಸಾಗುತ್ತಿಲ್ಲ ಎಂದು ಅಳೆದು ಹೇಳಲು ನನ್ನನ್ನು ಹೊನ್ನಾವರಕ್ಕೆ ಕಳಿಸಿದರು. ಅರವತ್ತರ ದಶಕದ ನಡುವಿನ ಒಂದು ಬೇಸಿಗೆ. ಊರಿನ ಆಸ್ಪತ್ರೆಗೆ ಹೆಂಗಸರ ಹೊಸ ವಾರ್ಡು ಏಳುತ್ತಿತ್ತು. ತಳಪಾಯ ಮುಗಿದು ಗೋಡೆ ಮೊಣಕಾಲೆತ್ತರಕ್ಕೆ ಬಂದಿತ್ತು. ಮಳೆ ಹಿಡಿಯುವ ಮೊದಲು ಮಾಡಿನ ಮೇಲೆ ಹೆಂಚು ಕೂರಬೇಕು. ಕೂರದಿದ್ದರೆ ಸುಣ್ಣದ ಗಾರೆಯಲ್ಲಿ ಕಟ್ಟಿದ ಹಸಿ ಗೋಡೆಗಳು ಮಳೆಗಾಲ ಪೂರ್ತಿ ನೆನೆದು, ಗಾರೆ ಕೊಚ್ಚಿಹೋಗಿ, ದೀಪಾವಳಿಯ ಹೊತ್ತಿಗೆ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. ಅಲ್ಲಿಯವರೆಗೆ ಹೆರಿಗೆಗೆ ಬಂದವರು ಹಳೆ ಆಸ್ಪತ್ರೆಯ ವರಾಂಡದಲ್ಲೇ ಮಲಗಬೇಕು.

ಕಾರವಾರದಲ್ಲಿದ್ದ ಇಲಾಖೆಯ ದೊಡ್ಡ ಸಾಹೇಬರು ಆಗಲೇ ಅರ್ಧ ತೀರ್ಮಾನ ಮಾಡಿದ್ದರು. ಇಲ್ಲಿಯವರನ್ನು ಬಿಡಿಸಿ ಘಟ್ಟದ ಮೇಲಿನಿಂದ ಬೇರೆ ತಂಡ ತರಿಸುವುದು ಅವರ ವಿಚಾರ. ಅದಕ್ಕೆ ಮೊದಲು ಯಾರಾದರೂ ಕೂತು ಅಳೆದು ಕಾರಣ ಬರೆದುಕೊಡಲಿ ಎಂದು ಮೇಲಿನಿಂದ ಸೂಚನೆ ಬಂದಿತ್ತು. ಆ ‘ಯಾರಾದರೂ’ ನಾನಾದೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದ್ದೆ. ಗೋಡೆ ಕಟ್ಟುವುದನ್ನು ಹತ್ತಿರದಿಂದ ನೋಡಿದ್ದು ಸಂತೆಗುಳಿಯ ನಮ್ಮ ಮನೆಯ ಕೊಟ್ಟಿಗೆ ಕಟ್ಟಿದಾಗ ಮಾತ್ರ.

ಹೊನ್ನಾವರದಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದೆ. ಮೊದಲ ದಿನ ಕೊಡೆ, ಟೇಪು, ಕೈಗಡಿಯಾರ ಎಲ್ಲ ಹೊಂದಿಸಿಕೊಂಡು ಹೊರಟಾಗ ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು.

“ಇಷ್ಟು ಓದಿಕಂಡು ಬಿಸಿಲಲ್ಲಿ ನಿಂತ್ಕಂಬ ಕೆಲಸವನೇ ಕೂಸೆ?”

“ಬಿಸಿಲಲ್ಲಿ ನಿಂತ್ರೇ ಗೊತ್ತಪ್ದು ಅತ್ತೆ,” ಅಂದೆ. ಅದು ಎಷ್ಟರಮಟ್ಟಿಗೆ ತಪ್ಪು ಎಂದು ತಿಳಿಯಲು ನನಗೆ ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯಿತು.

ಕೆಲಸದ ಉಸ್ತುವಾರಿ ನೋಡುತ್ತಿದ್ದ ಓವರ್ಸೀಯರು ಧಾರವಾಡ ಕಡೆಯವರು, ಸಮಾಧಾನದ ಮನುಷ್ಯ. ತಂಡವನ್ನು ತೋರಿಸಿದರು. ಕಲ್ಲು ಕಟ್ಟುವ ಗೌಂಡಿಗಳು ಇಬ್ಬಿಬ್ಬರಂತೆ ಜೋಡಿ. ಒಂದೊಂದು ಜೋಡಿಗೆ ಗೋಡೆಯ ಒಂದೊಂದು ಪಾಲು. ಕೆಂಪುಕಲ್ಲು, ಗಾರೆ ಹೊತ್ತು ಕೊಡಲು ಹೆಂಗಸರು. ಎಲ್ಲರ ಮೇಲೆ ಒಬ್ಬ ಮೇಸ್ತ್ರಿ, ಐವತ್ತು ದಾಟಿದವನು, ಮಾತು ಕಡಿಮೆ. ಅರ್ಧಕ್ಕೂ ಹೆಚ್ಚು ಜನ ಹೊಳೆಯಾಚೆಯ ಕಾಸರಕೋಡಿನ ಕಡೆಯವರು. ಆಗ ಹೊಳೆಗೆ ಸೇತುವೆ ಇರಲಿಲ್ಲವಾದ್ದರಿಂದ ಬೆಳಿಗ್ಗೆ ದೋಣಿ ಹತ್ತಿ ಬಂದು ಸಂಜೆ ದೋಣಿ ಹತ್ತಿ ಹೋಗುತ್ತಿದ್ದರು.

“ನೋಡ್ರೀ ಬಾಯಾರ,” ಓವರ್ಸೀಯರು ಅಂದರು, “ಇಲಾಖೆ ಪುಸ್ತಕದಾಗ ಒಂದು ಜೋಡಿ ದಿನಕ್ಕ ಇಷ್ಟು ಕಟ್ಟಬೇಕು ಅಂತ ಬರದದ. ಇವರು ಅದರ ಮುಕ್ಕಾಲೂ ಮುಟ್ಟೂದಿಲ್ಲ. ಸಾಹೇಬರು ಮೈಗಳ್ಳರು ಅಂತಾರ. ನಂಗ ಬಿಸಲಂತ ಅನಸ್ತದ. ಮೇಸ್ತ್ರಿ ಕೇಳಿದರ ಕಲ್ಲು ಸರಿ ಇಲ್ಲ ಅಂತಾನ. ಯಾವುದು ಖರೆ, ನೀವ ಹೇಳ್ರಿ.”

ಮೊದಲ ವಾರ ನಾನು ಗಡಿಯಾರ ಹಿಡಿದು ಒಂದೊಂದು ಜೋಡಿಯ ಎದುರಿಗೆ ನಿಂತೆ. ಕಲ್ಲು ಕೆತ್ತಲು ಎಷ್ಟು ಹೊತ್ತು, ಗಾರೆ ಹಾಸಿ ಕೂರಿಸಲು ಎಷ್ಟು, ಕಲ್ಲಿಗಾಗಿ ಕಾದದ್ದು ಎಷ್ಟು, ಗಾರೆಗಾಗಿ ಎಷ್ಟು, ಎತ್ತರಕ್ಕೆ ಹೋದಂತೆ ನಿಲ್ಲಲು ಬೇಕಾದ ಮರದ ಪರಾಂಚಿ ಬಿಚ್ಚಿ ಕಟ್ಟಲು ಎಷ್ಟು, ನೀರು ಕುಡಿಯಲು, ಎಲೆಅಡಿಕೆ ಹಾಕಲು ಎಷ್ಟು. ನೆರಳಲ್ಲಿ ಒಂದು ಉಷ್ಣಮಾಪಕ ತೂಗುಹಾಕಿದೆ. ಒಂದು ವಿಷಯ ಬೇಗ ಗೊತ್ತಾಯಿತು. ನಾನು ಎದುರಿಗೆ ನಿಂತರೆ ಅವರ ಕೈ ಬೇರೆಯಾಗುತ್ತಿತ್ತು. ಸರಿಯಾಗಿ ಕೂತ ಕಲ್ಲನ್ನು ಎತ್ತಿ ಮತ್ತೆ ಕೂರಿಸುತ್ತಿದ್ದರು. ತೂಗುಗುಂಡು ಬಿಟ್ಟು ನೋಡಿದ್ದನ್ನೇ ಮತ್ತೆ ನೋಡುತ್ತಿದ್ದರು. ಇದು ನನ್ನ ಕಣ್ಣಿಗಾಗಿ ಮಾಡುವ ಕೆಲಸ, ಇದನ್ನು ಅಳೆದು ಪ್ರಯೋಜನವಿಲ್ಲ ಅನ್ನಿಸಿತು.

ಆಮೇಲೆ ನಿಲ್ಲುವುದನ್ನು ಬಿಟ್ಟೆ. ಸಂಜೆ ಎಲ್ಲರೂ ಹೋದ ಮೇಲೆ ಗೋಡೆ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಸುಣ್ಣದಿಂದ ಒಂದು ಗೆರೆ ಎಳೆದು, ಹಿಂದಿನ ದಿನದ ಗೆರೆಯಿಂದ ಟೇಪು ಹಿಡಿದು ಅಳೆಯತೊಡಗಿದೆ. ಕೆಂಪು ಗೋಡೆಯ ಮೇಲೆ ಬಿಳಿ ಗೆರೆಗಳು ಒಂದರ ಮೇಲೊಂದು ಏಳುತ್ತಾ ಹೋದವು. ಹಗಲು ನಾನು ದೂರದ ಹುಣಸೆಮರದ ಕೆಳಗೆ ಕೂತು ಕಾರಣಗಳನ್ನು ಒಂದೊಂದಾಗಿ ಹಿಡಿದೆ.

ಮೊದಲು ಬಿಸಿಲು. ಓವರ್ಸೀಯರು ತೆಂಗಿನ ಮಡಲು ತರಿಸಿ ಕೆಲಸದ ಜಾಗಕ್ಕೆಲ್ಲ ಚಪ್ಪರ ಹಾಕಿಸಿದರು. ಹೆಂಗಸರಿಗೆ ಖುಷಿಯಾಯಿತು. ಗೋಡೆ ಅಷ್ಟೇ ಎದ್ದಿತು. ಆಮೇಲೆ ಗಾರೆ. ಚಿಪ್ಪಿಸುಣ್ಣ ಅರೆಯುವ ಎತ್ತಿನ ಗಾಣ ಆಸ್ಪತ್ರೆಯ ಹಿಂಬದಿಯಲ್ಲಿತ್ತು, ಹೊತ್ತು ತರುವ ದಾರಿ ಉದ್ದ. ಗಾಣವನ್ನು ಗೋಡೆಯ ಹತ್ತಿರಕ್ಕೆ ತಂದೆವು. ಗಾರೆಗೆ ಕಾಯುವುದು ನಿಂತೇಹೋಯಿತು. ಗೋಡೆ ಅಷ್ಟೇ ಎದ್ದಿತು. ಕಲ್ಲು ಒಂದೇ ಅಳತೆಗೆ ಬರಲಿ ಎಂದು ಕಲ್ಲು ತೆಗೆಯುವ ಜಾಗಕ್ಕೆ ನಾನೇ ಹೋಗಿ ಅಳತೆಕೋಲು ಕೊಟ್ಟು ಬಂದೆ. ಸೈಟಿನಲ್ಲಿ ಕೆತ್ತುವ ಕೆಲಸ ಅರ್ಧ ಕಡಿಮೆಯಾಯಿತು. ಅವತ್ತು ಸಂಜೆ, ಈಗಲಾದರೂ ಏರಿರುತ್ತದೆ ಎಂದುಕೊಂಡು ಗೆರೆ ಎಳೆದೆ. ಟೇಪು ನೋಡಿದೆ. ಅಷ್ಟೇ.

ಕಾರವಾರದಿಂದ ಕಾಗದ ಬಂತು, ಅಳತೆಯ ಫಲ ಏನೆಂದು ಕೇಳಿ. ಘಟ್ಟದ ಮೇಲಿನ ತಂಡದ ಜೊತೆ ಮಾತುಕತೆ ನಡೆದಿದೆ ಎಂದೂ ಅದರಲ್ಲಿತ್ತು. ಅವತ್ತು ರಾತ್ರಿ ಅತ್ತೆಯ ಎದುರು ಊಟಕ್ಕೆ ಕೂತೆ.

“ಎಲ್ಲಾ ಮಾಡಿ ನೋಡಿದೆ ಅತ್ತೆ, ಎಂತದೂ ಬದಲಾಗ್ತಿಲ್ಲೆ,” ಅಂದೆ.

ಅತ್ತೆಗೆ ನನ್ನ ಕೆಲಸ ಅರ್ಥವಾಗುತ್ತಿರಲಿಲ್ಲ. ಮಜ್ಜಿಗೆ ಬಡಿಸಿ ಒಳಗೆ ಹೋದಳು. ನಾನು ಆ ‘ಎಂತದೂ ಬದಲಾಗ್ತಿಲ್ಲೆ’ ಎಂಬ ನನ್ನದೇ ಮಾತನ್ನು ಹಿಡಿದುಕೊಂಡು ಕೂತೆ. ಓದುವಾಗ ಒಂದು ಪಾಠ ಚೆನ್ನಾಗಿ ತಲೆಗೆ ಹತ್ತಿತ್ತು: ಲೋಕದಲ್ಲಿ ಯಾವುದನ್ನು ಅಳೆದರೂ ಅದು ಒಂದಿಷ್ಟು ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಮನುಷ್ಯರ ಕೈಯ ಕೆಲಸವಂತೂ ಮೋಡವಿದ್ದ ದಿನ ಒಂದು ಥರ, ಸೆಕೆಯ ದಿನ ಒಂದು ಥರ ಇರಬೇಕು. ಈ ಗೋಡೆ ಮಾತ್ರ ಕಲ್ಲು ತಡವಾಗಿ ಬಂದ ದಿನವೂ ಅಷ್ಟೇ, ಬೇಗ ಬಂದ ದಿನವೂ ಅಷ್ಟೇ. ಗಟ್ಟಿ ತೋಳಿನ ಹುಡುಗರ ಪಾಲೂ ಅಷ್ಟೇ, ನರೆತ ತಲೆಯವರ ಪಾಲೂ ಅಷ್ಟೇ. ಬಿಸಿಲು, ಗಾರೆ, ಕಲ್ಲು ಯಾವುದೂ ಇದನ್ನು ನಿರ್ಧರಿಸುತ್ತಿರಲಿಲ್ಲ. ಯಾರೋ ಕೂತು ನಿರ್ಧರಿಸಿದ್ದರು.

ಮರುದಿನ ಮಧ್ಯಾಹ್ನ ಗಂಜಿ ಉಂಡು ಎಲ್ಲರೂ ಚಪ್ಪರದ ಕೆಳಗೆ ಕೂತಿದ್ದಾಗ ಮೇಸ್ತ್ರಿಯ ಹತ್ತಿರ ಹೋಗಿ ಕೂತೆ. ಆ ಕಡೆ ಮೇಷ್ಟರ ಕೆಲಸದ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಓದಿದವಳು ಅನ್ನುವ ಕಾರಣಕ್ಕೆ ನನಗೂ ಅದೇ ಹೆಸರು ಬಿದ್ದಿತ್ತು.

“ಮೇಸ್ತ್ರಿಯವರೆ, ದಿನಕ್ಕೆ ಎಷ್ಟು ಕಟ್ಟಬೇಕು ಅಂತ ನೀವೇ ಮಾತಾಡಿಕೊಂಡಿದ್ದೀರಿ ಅಲ್ಲವಾ?” ಅಂತ ನೇರವಾಗಿ ಕೇಳಿದೆ.

“ಹಂಗೆಲ್ಲ ಎಂತದೂ ಇಲ್ಲ ಅಕ್ಕೋರೆ. ಕೈಲಿ ಆದಷ್ಟು ಮಾಡೂದು,” ಅಂದ, ನನ್ನ ಮುಖ ನೋಡದೆ.

ಕಲ್ಲು ಹೊರುವ ಹೆಂಗಸರಲ್ಲಿ ಮುಂದಾಳಿನಂತಿದ್ದವಳು ಒಬ್ಬಳಿದ್ದಳು, ದೊಡ್ಡ ದನಿಯವಳು. ಅವಳು ನಕ್ಕೇಬಿಟ್ಟಳು. “ಹೇಳಿಬಿಡು ಮಾರಾಯಾ. ಅಕ್ಕೋರಿಗೆ ಗೊತ್ತಾತು. ನಾವು ಕಲ್ಲು ಹೊತ್ತು ತಂದು ರಾಶಿ ಹಾಕ್ತೇವೆ, ನೀವು ಮಧ್ಯಾಹ್ನದ ಮೇಲೆ ಅದೇ ಕಲ್ಲನ್ನ ತಿಕ್ಕಿ ತಿಕ್ಕಿ ಹೊತ್ತು ಕಳೀತ್ರಿ. ನಮಗೆ ಕಾಣೂದಿಲ್ವಾ?”

ಮೇಸ್ತ್ರಿ ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡ. ಆಮೇಲೆ ಹೇಳಿದ. ಕೆಲವು ವರ್ಷಗಳ ಹಿಂದೆ ಕುಮಟೆಯ ಕಡೆ ಒಂದು ಕೆಲಸದಲ್ಲಿ ಹೀಗೇ ಒಬ್ಬರು ಗಡಿಯಾರ ಹಿಡಿದು ಬಂದಿದ್ದರಂತೆ. ತಂಡದಲ್ಲಿ ಎಲ್ಲರಿಗಿಂತ ಚುರುಕಾದವನನ್ನು ನೋಡಿ, ತಂಪಾದ ಒಂದು ದಿನ ಅವನು ಕಟ್ಟಿದ್ದನ್ನು ಅಳೆದು, ನಾಳೆಯಿಂದ ಎಲ್ಲರಿಗೂ ಇಷ್ಟೇ ಎಂದರಂತೆ. ಮುಟ್ಟಲಾಗದವರನ್ನು ಮನೆಗೆ ಕಳಿಸಿದರು. ಮೊದಲು ಮನೆಗೆ ಹೋದವನು ಮೇಸ್ತ್ರಿಯ ಅಣ್ಣ.

“ನಂಗೆ ಕೆಲಸ ಕಲಿಸಿದವ ಅವ,” ಅಂದ ಮೇಸ್ತ್ರಿ. “ಅಲ್ಲಿಂದ ಮೇಲೆ ನಾವು ಮಾತಾಡಿಕೊಂಡದ್ದು ಹೌದು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯವನ ಕೈ ಎಷ್ಟು ಓಡ್ತದೋ ಅಷ್ಟೇ ಎಲ್ಲರೂ ಕಟ್ಟೂದು. ಇವತ್ತು ಹೆಚ್ಚು ಕಟ್ಟಿ ತೋರಿಸಿದ್ರೆ ನಾಳೆ ಅದೇ ಲೆಕ್ಕ ಆಗ್ತದೆ. ನೀವು ಟೇಪು ಹಿಡಿದು ಬಂದ ದಿನವೇ ಎಲ್ಲರಿಗೂ ಮತ್ತೆ ಹೇಳಿದೆ, ಕೈ ಬಿಗಿ ಹಿಡೀರಿ ಅಂತ.”

ಕೆಲಸವನ್ನು ಹಿಂದಕ್ಕೆ ಹಿಡಿದಿದ್ದ ಎಲ್ಲಕ್ಕಿಂತ ದೊಡ್ಡ ಕಾರಣ ಅಳತೆಯೇ ಆಗಿತ್ತು. ನಾನು ಅದನ್ನು ಕೈಯಲ್ಲೇ ಹಿಡಿದುಕೊಂಡು ತಿಂಗಳಿಡೀ ಬೇರೆ ಕಡೆ ಹುಡುಕಿದ್ದೆ.

ಓವರ್ಸೀಯರಿಗೆ ಹೋಗಿ ಎಲ್ಲ ಹೇಳಿದೆ. ಅವರಿಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆ. ಅವರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು, “ಅವರ ಜಾಗಾದಾಗ ನಾ ಇದ್ದರ ನಾನೂ ಹಂಗ ಮಾಡತಿದ್ನಿ,” ಅಂದರು. ನಾವಿಬ್ಬರೂ ಸಂಜೆಯವರೆಗೆ ಕೂತು ಒಂದು ದಾರಿ ಹುಡುಕಿದೆವು. ಒಬ್ಬೊಬ್ಬರನ್ನು, ಒಂದೊಂದು ಜೋಡಿಯನ್ನು ಅಳೆಯುವುದನ್ನು ಪೂರ್ತಿ ಬಿಡುವುದು. ಸುತ್ತಲಿನ ಗೋಡೆಗೆಲ್ಲ ಸೇರಿ ದಿನಕ್ಕೆ ಒಂದೇ ಗುರಿ, ಪುಸ್ತಕದಲ್ಲಿರುವಷ್ಟು. ಯಾರು ಎಷ್ಟು ಕಟ್ಟಿದರು ಎಂದು ಯಾರೂ ಕೇಳುವುದಿಲ್ಲ. ಗುರಿ ಮುಟ್ಟಿದ ಮೇಲೆ ಗಂಟೆ ಎಷ್ಟೇ ಆಗಿರಲಿ, ಮನೆಗೆ ಹೋಗಬಹುದು, ಪೂರ್ತಿ ಹಾಜರಿ. ಮಾಡು ಏರುವವರೆಗೆ ಆ ಗುರಿಯನ್ನು ಒಂದು ಬೆರಳಿನಷ್ಟೂ ಮೇಲೆ ಸರಿಸುವುದಿಲ್ಲ.

“ಹೊತ್ತಿಗೆ ಮೊದಲ ಮನೀಗೆ ಬಿಡೂದು ನನ್ನ ಕೈಯಾಗಿಲ್ರಿ,” ಅಂದರು ಓವರ್ಸೀಯರು. “ನನ್ನ ಮ್ಯಾಲೆ ಕಾಗದ ಬರ್ತದ.” ಟೊಪ್ಪಿಗೆ ಮತ್ತೆ ತಲೆಗೆ ಹಾಕಿಕೊಂಡು ತಾವೇ ಅಂದರು: “ಬರಲಿ. ಗ್ವಾಡಿ ಏರಲಿಲ್ಲಂದ್ರೂ ಬರ್ತದ.”

ಮಾರನೆ ದಿನ ಬೆಳಿಗ್ಗೆ ಎಲ್ಲರೂ ಸೇರಿದ ಮೇಲೆ ಓವರ್ಸೀಯರು ಇದನ್ನು ಎಲ್ಲರ ಎದುರಿಗೆ ಹೇಳಿದರು. ನಾನು ನನ್ನ ಗಡಿಯಾರವನ್ನು ಕೈಯಿಂದ ಬಿಚ್ಚಿ ಚೀಲಕ್ಕೆ ಹಾಕಿ, ಇನ್ನು ಮೇಲೆ ಗೋಡೆಯನ್ನು ಮಾತ್ರ ಅಳೆಯುತ್ತೇನೆ, ಮನುಷ್ಯರನ್ನು ಅಳೆಯುವುದಿಲ್ಲ ಅಂದೆ. ಮೇಸ್ತ್ರಿ ತನ್ನವರನ್ನು ಕರೆದುಕೊಂಡು ಅಂಗಳದ ಮೂಲೆಗೆ ಹೋದ. ಬಹಳ ಹೊತ್ತು ಮಾತಾಡಿದರು. ಬಂದು, “ಒಂದು ವಾರ ನೋಡ್ತೇವೆ,” ಎಂದಷ್ಟೇ ಅಂದ.

ಮೊದಲ ಎರಡು ದಿನ ಗುರಿ ಮುಟ್ಟಲಿಲ್ಲ, ಆದರೆ ಗೋಡೆ ಏಳುವ ಅಳತೆ ಮೊದಲ ಬಾರಿಗೆ ದಿನದಿಂದ ದಿನಕ್ಕೆ ಹೆಚ್ಚುಕಮ್ಮಿ ಆಯಿತು. ನನಗೆ ಅದೇ ಸಾಕಾಗಿತ್ತು. ಮೂರನೆಯ ದಿನ ಅವರು ಕೆಲಸದ ರೀತಿಯನ್ನೇ ಬದಲಿಸಿದರು. ಎಲ್ಲರಿಗಿಂತ ಹಿರಿಯ ಗೌಂಡಿಯನ್ನು ಸಾಲು ಕಟ್ಟುವುದರಿಂದ ಬಿಡಿಸಿ ಮೂಲೆಗಳಿಗೆ ಹಾಕಿದರು. ಮೂಲೆ ನೇರವಾಗಿ ಎದ್ದರೆ ಉಳಿದದ್ದು ದಾರ ಹಿಡಿದು ತುಂಬುವ ಕೆಲಸ. ಆ ಕೆಲಸಕ್ಕೆ ಬೇಕಾದದ್ದು ವೇಗವಲ್ಲ, ಕಣ್ಣು. ಗಟ್ಟಿ ತೋಳಿನವರು ನಡುವಿನ ಉದ್ದ ಗೋಡೆಗಳಿಗೆ ಬಿದ್ದರು. ಹೆಂಗಸರು ಬೆಳಿಗ್ಗೆ ಬಂದ ಕೂಡಲೇ ಕಲ್ಲನ್ನು ಅಲ್ಲಲ್ಲಿ ಹಂಚಿ ಇಡತೊಡಗಿದರು. ಯಾರೂ ಅವರಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಬಿಸಿಲಿನ ಚಪ್ಪರ, ಹತ್ತಿರ ತಂದ ಗಾಣ, ಒಂದೇ ಅಳತೆಯ ಕಲ್ಲು, ನಾನು ವ್ಯರ್ಥವಾಯಿತು ಅಂದುಕೊಂಡ ಎಲ್ಲವೂ ಈಗ ಒಟ್ಟಿಗೆ ಕೆಲಸಕ್ಕೆ ಬಂದವು. ವಾರ ಮುಗಿಯುವುದರೊಳಗೆ ಗುರಿ ಮುಟ್ಟಿ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಎಲ್ಲರೂ ಕೈ ತೊಳೆಯುತ್ತಿದ್ದರು. ಹೆಂಗಸರು ಬೆಳಕಿದ್ದಾಗಲೇ ಪೇಟೆಯಲ್ಲಿ ಮೀನು ಕೊಂಡು ದೋಣಿ ಹತ್ತುತ್ತಿದ್ದರು.

ದೊಡ್ಡ ಸಾಹೇಬರು ಮುಂಚೆ ತಿಳಿಸದೆ ಬಂದದ್ದು ಅಂಥ ಒಂದು ದಿನ, ಮೂರೂವರೆಯ ಸುಮಾರಿಗೆ. ಜೀಪಿನಿಂದ ಇಳಿದು ನೋಡಿದರೆ ಸೈಟಿನಲ್ಲಿ ಗಾಣದ ಎತ್ತುಗಳು, ಓವರ್ಸೀಯರು, ನಾನು. ಅವರು ಮೈಸೂರಿನ ಕಡೆಯವರು, ಕೂಗಾಡುವವರಲ್ಲ.

“ಜನ ಎಲ್ಲಿ?” ಅಂದರು.

“ಕೆಲಸ ಮುಗೀತ್ರಿ ಸಾಹೇಬರ. ಮನೀಗೆ ಹೋಗ್ಯಾರ,” ಅಂದರು ಓವರ್ಸೀಯರು. ಆಮೇಲೆ ಏನು ಮಾಡಿದ್ದೇವೆ ಎಂದು ಪೂರ್ತಿ ಹೇಳಿದರು, ಏನೂ ಮುಚ್ಚಿಡಲಿಲ್ಲ.

ಸಾಹೇಬರು ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. “ಮೂರು ಗಂಟೆಗೆ ಇಷ್ಟು ಆಗುತ್ತೆ ಅಂದ್ರೆ ಐದೂವರೆಗೆ ಇನ್ನೂ ಎಷ್ಟಾಗುತ್ತೆ, ನೀವೇ ಲೆಕ್ಕ ಹಾಕಿ. ನಾಳೆಯಿಂದ ಗುರಿ ಅಷ್ಟು ಹೆಚ್ಚಿಸಿ. ವರದಿಯಲ್ಲಿ ಅದನ್ನೇ ಬರೀರಿ.”

ಓವರ್ಸೀಯರು ಆಗಲೇ ತಮ್ಮ ಕುತ್ತಿಗೆ ಒಡ್ಡಿಯಾಗಿತ್ತು. ವರದಿ ಬರೆಯಬೇಕಾದವಳು ನಾನು. ಬರೆದರೆ ಗೌಂಡಿಗಳಿಗೆ ಅವರು ಕೊಟ್ಟ ಮಾತೂ ನಾನು ಕೊಟ್ಟ ಮಾತೂ ಒಟ್ಟಿಗೆ ಮುರಿಯುತ್ತಿದ್ದವು. ಬರೆಯದಿದ್ದರೆ ನನ್ನ ಕೆಲಸ ಹೋಗಬಹುದಿತ್ತು.

“ಅದನ್ನು ಬರೆಯಲಾರೆ ಸಾರ್,” ಅಂದೆ. “ಗುರಿ ಏರಿಸಿದರೆ ನಾಳೆಯಿಂದ ಗೋಡೆ ಮತ್ತೆ ಮೊದಲಿನಷ್ಟೇ ಏಳುತ್ತದೆ.”

“ಅದು ನಿಮ್ಮ ಊಹೆ.”

“ಊಹೆ ಅಲ್ಲ. ಬನ್ನಿ, ನೋಡಿ.”

ಗೋಡೆಯ ಹತ್ತಿರ ಕರೆದುಕೊಂಡು ಹೋದೆ. ಕೆಳಗಿನಿಂದ ಮೇಲಿನವರೆಗೆ ಸುಣ್ಣದ ಗೆರೆಗಳು ಅಲ್ಲೇ ಇದ್ದವು. ಇದು ಚಪ್ಪರ ಹಾಕಿದ ದಿನ, ಇದು ಗಾಣ ಹತ್ತಿರ ತಂದದ್ದು, ಇದು ಒಳ್ಳೆಯ ಕಲ್ಲು ಬಂದದ್ದು ಎಂದು ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. ಎಲ್ಲ ಒಂದೇ ಅಂತರ, ಏಣಿಯ ಮೆಟ್ಟಿಲಿನಂತೆ. ಅದರ ಮೇಲೆ, ಮಾತು ಕೊಟ್ಟ ದಿನದಿಂದ, ಗೆರೆಗಳು ದೂರ ದೂರ ಸರಿದಿದ್ದವು. ಅದನ್ನು ಓದಲು ಯಾರಿಗೂ ಸಂಖ್ಯಾಶಾಸ್ತ್ರ ಬೇಕಿರಲಿಲ್ಲ.

“ಈ ಅಂತರ ಹೆಚ್ಚಿದ್ದು ಗುರಿ ಮೇಲೆ ಹೋಗುವುದಿಲ್ಲ ಎಂದು ಅವರು ನಂಬಿದ್ದರಿಂದ. ಇಲಾಖೆಗೆ ಬೇಕಾದದ್ದು ಅವರು ಐದೂವರೆಯವರೆಗೆ ಇಲ್ಲಿ ನಿಲ್ಲುವುದೋ, ಮಳೆಗೆ ಮೊದಲು ಮಾಡು ಏರುವುದೋ, ನೀವೇ ಹೇಳಿ ಸಾರ್.”

ಸಾಹೇಬರು ಪರಾಂಚಿಯ ಮೇಲಿದ್ದ ತೂಗುಗುಂಡು ತೆಗೆದುಕೊಂಡರು. ಅವಸರದ ಕೆಲಸ ಸೊಟ್ಟಗಿರುತ್ತದೆ ಎಂಬ ಅನುಮಾನ ಅವರಿಗೆ. ನಾಲ್ಕೂ ಮೂಲೆಗಳಲ್ಲಿ ಬಿಟ್ಟು ನೋಡಿದರು. ಜೇಬಿನಿಂದ ಚಾಕು ತೆಗೆದು ಸಂದುಗಳ ಗಾರೆಯನ್ನು ಕೆದಕಿದರು. ಒಂದು ಸುತ್ತು ಬರಲು ಬಹಳ ಹೊತ್ತು ತೆಗೆದುಕೊಂಡರು. ಹಿರಿಯ ಗೌಂಡಿ ಎಬ್ಬಿಸಿದ್ದ ಮೂಲೆಗಳು ಕೂದಲಿನಷ್ಟೂ ವಾಲಿರಲಿಲ್ಲ.

“ಮಳೆಗೆ ಮೊದಲು ಹೆಂಚು ಕೂತಿರಬೇಕು,” ಅಂದರು ಕೊನೆಗೆ, ಚಾಕು ಮಡಿಸುತ್ತ. “ಕೂರದಿದ್ದರೆ ನೀವಿಬ್ಬರೂ ಜವಾಬು ಕೊಡಬೇಕು. ಗುರಿ ಈಗಿರುವಷ್ಟೇ ಇರಲಿ.”

ಈ ಸುದ್ದಿ ಯಾರು ಹೇಳಿದರೋ, ಮರುದಿನ ದೋಣಿ ಇಳಿಯುವ ಮೊದಲೇ ತಂಡಕ್ಕೆಲ್ಲ ಗೊತ್ತಿತ್ತು. ಆ ದೊಡ್ಡ ದನಿಯ ಹೆಂಗಸು ನನ್ನ ಹತ್ತಿರ ಬಂದು, ಸೆರಗಿನಿಂದ ಎರಡು ಮಾವಿನಹಣ್ಣು ತೆಗೆದು ಕೊಟ್ಟು, “ತಿನ್ನಿ ಅಕ್ಕೋರೆ,” ಎಂದು ಕಲ್ಲು ಹೊರಲು ಹೋದಳು.

ಮಾಡಿನ ಎರಡು ತುದಿಯ ತ್ರಿಕೋನದ ಗೋಡೆಗಳು ಮಾತ್ರ ಉಳಿದಿದ್ದಾಗ, ಮೇ ತಿಂಗಳ ಒಂದು ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ, ಗಾಳಿಮಳೆ ಬಡಿಯಿತು. ಚಪ್ಪರ ಹಾರಿ ಆಸ್ಪತ್ರೆಯ ಬಾವಿಗೆ ಬಿತ್ತು. ಬೆಳಿಗ್ಗೆ ನೋಡಿದರೆ ಒಂದು ತುದಿಯ ಹಸಿ ಗೋಡೆಯ ಮೇಲ್ಭಾಗ ಒಳಕ್ಕೆ ಕುಸಿದಿತ್ತು, ಕಲಸಿಟ್ಟ ಗಾರೆಯೆಲ್ಲ ತೊಳೆದುಹೋಗಿ ಅಂಗಳ ಬೆಳ್ಳಗಾಗಿತ್ತು. ಮರ ಕೂರಿಸುವ ಬಡಗಿಗಳು ಮಾರನೆ ದಿನ ಬರುವವರಿದ್ದರು. ಆಮೇಲೆ ಅವರಿಗೆ ಬೇರೆ ಊರಿನ ಕೆಲಸವಿತ್ತು. ಓವರ್ಸೀಯರು ಬಿದ್ದ ಕಲ್ಲಿನ ಮೇಲೆ ಕೂತುಬಿಟ್ಟರು.

ಮೇಸ್ತ್ರಿ ಬಂದು ಗೋಡೆಯನ್ನು ಒಮ್ಮೆ, ಆಕಾಶವನ್ನು ಒಮ್ಮೆ ನೋಡಿದ. “ಇವತ್ತು ಗುರಿ ಬಿಡಿ ಸಾಹೇಬ್ರೆ. ಇದು ಎದ್ದ ಮೇಲೆ ಮನೆಗೆ ಹೋಗೂದು,” ಅಂದ.

ಕುಸಿದದ್ದನ್ನು ಬಿಚ್ಚಿದರು, ಕಲ್ಲು ತೊಳೆದರು, ಗಾಣಕ್ಕೆ ಹೊಸ ಸುಣ್ಣ ಹಾಕಿದರು. ಮೂರು ಗಂಟೆ ಆಯಿತು, ಐದೂವರೆ ಆಯಿತು. ಓವರ್ಸೀಯರು ದೋಣಿ ನಿಲ್ಲುವ ಕಡವಿಗೆ ಆಳು ಕಳಿಸಿ ಕಡೆಯ ದೋಣಿಯನ್ನು ನಿಲ್ಲಿಸಿ ಇಡಲು ಹೇಳಿದರು. ಹೆಂಗಸರು ಪರಾಂಚಿಯ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದರು. ಆ ಸಾಲಿನಲ್ಲಿ ನಡುವೆ ಒಂದು ಕಡೆ ಜಾಗ ಖಾಲಿಯಿತ್ತು. ನಾನೂ ನಿಂತೆ. ಸೂರ್ಯ ಮುಳುಗಿ ಬೆಳಕು ಇನ್ನೂ ಉಳಿದಿದ್ದಾಗ ಹಿರಿಯ ಗೌಂಡಿ ತುದಿಯ ಕಲ್ಲು ಕೂರಿಸಿ ಕೈಯಿಂದ ಎರಡು ಸಲ ತಟ್ಟಿದ.

ಬಡಗಿಗಳು ಬಂದರು, ಮರ ಏರಿತು, ರೀಪು ಬಡಿದರು, ಹೆಂಚು ಕೂತಿತು. ಜೂನ್ ಮೊದಲಲ್ಲಿ ಮಳೆ ಹಿಡಿದ ದಿನ ನಾವೆಲ್ಲ ವಾರ್ಡಿನ ಒಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದೆವು. ಹೊರಗೆ ಏನೂ ಕಾಣದಷ್ಟು ಮಳೆ. ಒಳಗೆ ನೆಲ ಒಣಗಿತ್ತು. ಘಟ್ಟದ ಮೇಲಿನ ತಂಡ ಬರಲೇ ಇಲ್ಲ. ನಾನು ಕಂಡದ್ದನ್ನು ಕಂಡಂತೆ ವರದಿ ಬರೆದೆ. ಕುಮಟೆಯಲ್ಲೂ ಭಟ್ಕಳದಲ್ಲೂ ಇದೇ ಕ್ರಮದಲ್ಲಿ ಕೆಲಸ ನಡೆಸಿ ನೋಡುವುದು ಎಂದು ಸಾಹೇಬರೇ ಸಹಿ ಹಾಕಿದ ಆದೇಶ ಮಳೆಗಾಲ ಮುಗಿಯುವ ಹೊತ್ತಿಗೆ ಬಂತು.

ಭಟ್ಕಳದಲ್ಲಿ ಶಾಲೆಯ ಕಟ್ಟಡ. ಮೊದಲ ದಿನ ನಾನು ಹೋದಾಗ ಅಲ್ಲಿಯ ಗೌಂಡಿಗಳು ನನ್ನ ಚೀಲದಲ್ಲಿದ್ದ ಟೇಪು ನೋಡಿ ಕೈ ಕಟ್ಟಿ ನಿಂತರು. ತಮ್ಮತಮ್ಮಲ್ಲಿ ನವಾಯತಿ ಭಾಷೆಯಲ್ಲಿ ಏನೋ ಮಾತಾಡಿಕೊಂಡರು. ನಾನು ಗುರಿಯ ವಿಷಯ, ಮನೆಗೆ ಬಿಡುವ ವಿಷಯ ಎಲ್ಲ ವಿವರಿಸಿದೆ. ಅವರ ಮೇಸ್ತ್ರಿ ಮರ್ಯಾದೆಯಿಂದಲೇ ಅಂದ, “ಹೀಗೆ ಹೇಳಿದವರನ್ನ ನಾವು ನೋಡಿದ್ದೇವೆ ಬಾಯಿಯವರೆ. ಹೇಳೂದು ಒಂದು, ಆಮೇಲೆ ಆಗೂದು ಒಂದು.”

ಆಗ ಕಂಪೌಂಡಿನ ಬಾಗಿಲಲ್ಲಿ ಯಾರೋ ಕೆಮ್ಮಿದರು. ಹೊನ್ನಾವರದ ಮೇಸ್ತ್ರಿ. ಬಗಲಲ್ಲಿ ಕೊಡೆ, ಕೈಯಲ್ಲಿ ಬಾಳೆಗೊನೆಯ ಚಿಪ್ಪು. ಮುಟ್ಟಳ್ಳಿಯಲ್ಲಿ ಮಗಳ ಮನೆ, ಅಲ್ಲಿಗೆ ಹೊರಟವನು, ನಾನು ಇಲ್ಲಿ ಕೆಲಸ ಶುರು ಮಾಡುತ್ತೇನೆ ಎಂದು ಬಸ್ಸಿನಲ್ಲಿ ಯಾರಿಂದಲೋ ಕೇಳಿ ಇಳಿದು ಬಂದಿದ್ದ. ನನ್ನ ಕಡೆ ನೋಡಲಿಲ್ಲ. ನೇರ ಆ ಮೇಸ್ತ್ರಿಯ ಹತ್ತಿರ ಹೋದ.

“ನಾನು ಹೊನ್ನಾವರದ ಆಸ್ಪತ್ರೆ ಕಟ್ಟಿದವ,” ಅಂದ. “ಗುರಿ ಏರಿಸಿ ಅಂತ ಕಾರವಾರದ ಸಾಹೇಬ್ರು ಬಂದು ನಿಂತಾಗ ಈ ಅಕ್ಕೋರು ಆಗೂದಿಲ್ಲ ಅಂದ್ರು. ನಾವು ಮಾಡು ಏರೂವರೆಗೂ ಮೂರು ಗಂಟೆಗೆ ಮನೆಗೆ ಹೋಗಿದ್ದೇವೆ. ಒಬ್ಬನನ್ನೂ ಬಿಡಿಸಲಿಲ್ಲ. ಇನ್ನೆಂತ ಕೇಳಬೇಕು, ನನ್ನ ಕೇಳು.”

ಅವನು ಹೆಚ್ಚು ಹೊತ್ತು ನಿಲ್ಲಲಿಲ್ಲ, ಬಸ್ಸು ತಪ್ಪುತ್ತದೆ ಎಂದು ಹೊರಟುಬಿಟ್ಟ. ಭಟ್ಕಳದ ಮೇಸ್ತ್ರಿ ತನ್ನವರ ಕಡೆ ತಿರುಗಿ ಒಂದು ಮಾತು ಹೇಳಿದ. ಕೈ ಕಟ್ಟಿ ನಿಂತವರು ಒಬ್ಬೊಬ್ಬರಾಗಿ ಸಾಮಾನು ಎತ್ತಿಕೊಂಡರು. ಅವನು ನನ್ನ ಹತ್ತಿರ ಬಂದು ಕೈ ಚಾಚಿದ.

“ಕೊಡಿ,” ಅಂದ.

ಟೇಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಹಿಡಿದುಕೊಂಡು ಗೋಡೆ ಏಳಬೇಕಾದ ಉದ್ದಕ್ಕೂ ನಡೆದುಹೋಗಿ, ಆಚೆ ಮೂಲೆಯಲ್ಲಿ ಕೂತು, ನೆಲಕ್ಕೆ ಒತ್ತಿ ಹಿಡಿದ.